ಅಂಧರ ಬಾಳಿಗೆ ದಾರಿ ತೋರಿದ ಪಂಚಾಕ್ಷರಿ ಗವಾಯಿಗಳು



ಗಾನಯೋಗಿ ಪಂಚಾಕ್ಷರಿ ಗವಾಯಿಗಳವರು 1892ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಹುಟ್ಟಿನಿಂದಲೇ ಕಣ್ಣಿಲ್ಲ, ಅಣ್ಣನವರೂ ಅಂಧರೇ. ಹಾನಗಲ್ಲ ಕುಮಾರ ಶಿವಯೋಗಿಗಳವರು ಈ ಬಾಲಕರಿಗೆ ಬರಿಯ ಮರುಕ ತೋರದೆ, ಅವರ ಕಂಠ ಗುರುತಿಸಿ ಸಂಗೀತ ವಿದ್ಯೆಗೆ ಹಚ್ಚಿದರು. ಗವಾಯಿಗಳವರು ಕರ್ನಾಟಕಿ, ಹಿಂದುಸ್ತಾನಿ ಎರಡರಲ್ಲೂ ಪಂಡಿತರಾದರು.

ತಾವು ಪಡೆದ ಕರುಣೆಯನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ, ಅನಾಥ ಮಕ್ಕಳಿಗೆ ಜಾತಿ ಕೇಳದೆ ಅನ್ನ, ಆಶ್ರಯ, ವಿದ್ಯೆ ನೀಡಿದರು. ಅವರ ಪೋಷಣೆಗಾಗಿ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಎಳವೆಯಲ್ಲೇ ಕಣ್ಣನ್ನೂ ಹೆತ್ತವರನ್ನೂ ಕಳೆದುಕೊಂಡ ಪುಟ್ಟರಾಜರು ಅಲ್ಲಿಯೇ ಬೆಳೆದರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ, 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಆಶ್ರಮವನ್ನು ನಡೆಸಿದರು.

ನಮ್ಮ ಮನೆ, ಓಣಿಗಳಲ್ಲೂ ನೊಂದ ಮಕ್ಕಳಿರುತ್ತಾರೆ. ಮೌನ, ಹಟ, ಸಿಟ್ಟು ಹಲವು ಸಲ ನೋವಿನ ಭಾಷೆ. ಅದು ಅವರ ಕರ್ಮವೆನ್ನುವುದು ಗಾಯದ ಮೇಲೆ ಬರೆ ಎಳೆದಂತೆ. ಜೊತೆಗೆ ಕೂರಿಸಿ ಉಣಬಡಿಸೋಣ. ಮಾತಾಡೆಂದು ಒತ್ತಾಯಿಸದೆ, ಮಾತಾಡಿದಾಗ ಪೂರ್ತಿ ಕೇಳೋಣ. ಕೈಗೊಂದು ವಿದ್ಯೆ ಕೊಡೋಣ. ಇದೂ ದಾಸೋಹವೇ ಎಂದು ನಾವು ನಂಬಿದ್ದೇವೆ.