ವಿಧೇಯ ಸೇವಕ ಕಿಟ್ಟೆಲ್

ಕನ್ನಡದ ‘ಕೇಳು’ ಎಂಬ ಪದಕ್ಕೆ ಕಿವಿಗೊಡು ಎಂಬ ಅರ್ಥವೂ ಉಂಟು, ಹೇಳಿದಂತೆ ನಡೆ ಎಂಬ ಅರ್ಥವೂ ಉಂಟು. ಹಿರಿಯರ ಮಾತು ಕೇಳುವ ಮಗು ಎಂದರೆ ವಿಧೇಯನಾದ ಮಗು. ಬೈಬಲ್ಲಿನ ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿಯೂ ಈ ಎರಡು ಅರ್ಥಗಳಿಗೆ ಒಂದೇ ಪದ ಸಲ್ಲುತ್ತದೆ. ಕ್ರೈಸ್ತ ಧರ್ಮದಲ್ಲಿ ವಿಧೇಯತೆಗೆ ಹಿರಿದಾದ ಸ್ಥಾನವಿದೆ. ಶಿಲುಬೆಯ ಮರಣ ಎದುರಾದಾಗಲೂ ಯೇಸು ತಂದೆಯಾದ ದೇವರ ಇಚ್ಛೆಗೆ ತಲೆಬಾಗಿದನೆಂಬುದೇ ಆ ಧರ್ಮೀಯರ ಆದರ್ಶ. ಈ ಆದರ್ಶವನ್ನು ಕನ್ನಡ ನಾಡಿನಲ್ಲಿ ಬಾಳಿ ತೋರಿದವರಲ್ಲಿ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಅವರು ಪ್ರಮುಖರು.

ಕಿಟ್ಟೆಲ್ ಅವರು 1832ರಲ್ಲಿ ಉತ್ತರ ಜರ್ಮನಿಯ ಪಾದ್ರಿಯೊಬ್ಬರ ಮನೆಯಲ್ಲಿ ಜನಿಸಿದರು. ತರುಣರಾಗಿದ್ದಾಗ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನನ್ನು ಸೇರಿದರು. 1815ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ಶಿಸ್ತು ಬಹು ಕಟ್ಟುನಿಟ್ಟಾದುದು. ಸಮಿತಿಯು ಕಳುಹಿಸಿದ ಊರಿಗೆ ಹೋಗಬೇಕು; ಒಪ್ಪಿಸಿದ ಕೆಲಸವನ್ನು ಮಾಡಬೇಕು; ಸಮಿತಿಯ ಅಪ್ಪಣೆಯಿಲ್ಲದೆ ವಿವಾಹವಾಗುವಂತೆಯೂ ಇರಲಿಲ್ಲ.

ಆ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮುಂದೆ ಘಟ್ಟವನ್ನೇರಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಮಗ್ಗುಲಿನ ಬೆಟಗೇರಿಯಲ್ಲಿ ನೆಲೆಗಳನ್ನು ಸ್ಥಾಪಿಸಿದರು. ಗದಗ, ಶಿರಹಟ್ಟಿ, ಮುಂಡರಗಿಗಳನ್ನೊಳಗೊಂಡ ಈ ಸೀಮೆ ಕನ್ನಡದ ಹಳೆಯ ಮನೆ. ಇಂದಿನ ಲಕ್ಷ್ಮೇಶ್ವರವೇ ಅಂದಿನ ಪುಲಿಗೆರೆ; ಅಲ್ಲಿಯ ತಿರುಳ್ಗನ್ನಡವನ್ನು ಆದಿಕವಿ ಪಂಪನು ಮೆಚ್ಚಿಕೊಂಡಿದ್ದಾನೆ.

ಕಿಟ್ಟೆಲ್ ಅವರು 1853ರಲ್ಲಿ ಭಾರತಕ್ಕೆ ಬಂದು, ಧಾರವಾಡ ಪ್ರಾಂತದಲ್ಲಿ ಕೆಲಸಕ್ಕೆ ತೊಡಗಿದರು. ಭಾರತೀಯರೊಡನೆ ಭಾರತೀಯನಾಗಿ ಬಾಳಬೇಕೆಂಬುದು ಅವರ ಹಂಬಲ. ಅವರು ಜನರ ನಡುವೆ ಬೆರೆತು, ಅವರ ಭಾಷೆ, ಸಾಹಿತ್ಯ, ಆಚಾರಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದರು. ಈ ರೀತಿ ಸಹೋದ್ಯೋಗಿಗಳಿಗೂ ಮೇಲಿನವರಿಗೂ ಹಿಡಿಸಲಿಲ್ಲ. ಧರ್ಮಪ್ರಚಾರಕರಾಗಿ ಅವರಿಗೆ ಹೆಸರು ಬರಲಿಲ್ಲ.

ಇಂತಹ ಸಂದರ್ಭದಲ್ಲಿ ಕೆಲವರು ಸಂಸ್ಥೆಯನ್ನು ತೊರೆಯುತ್ತಾರೆ. ಕೆಲವರು ಮನಸ್ಸಿನ ನಂಬಿಕೆಯನ್ನೇ ತೊರೆಯುತ್ತಾರೆ. ಕಿಟ್ಟೆಲ್ ಅವರು ಎರಡನ್ನೂ ತೊರೆಯಲಿಲ್ಲ. ಸಂಸ್ಥೆ ಒಪ್ಪಿಸಿದ ಕೆಲಸದೊಳಗೇ ತಮ್ಮ ಒಳಗಿನ ಕರೆಗೂ ಎಡೆ ಮಾಡಿಕೊಂಡರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಪ್ರಕಟಿಸಿದರು. ಕನ್ನಡ–ಇಂಗ್ಲಿಷ್ ನಿಘಂಟಿನ ಮಹಾಕಾರ್ಯವೂ ಅವರ ಪಾಲಿಗೆ ಬಂದಿತು.

ಆ ಕಾರ್ಯವು ಅವರ ಬಾಳಿನ ಬಹುಭಾಗವನ್ನು ಬೇಡಿತು. ಮಡದಿ ಪೌಲೀನ್ 1864ರಲ್ಲಿ ತೀರಿಕೊಂಡಿದ್ದರು. ಆಕೆಯ ಸೋದರಿ ಜೂಲಿಯೊಡನೆ 1867ರಲ್ಲಿ ವಿವಾಹವಾಗಿತ್ತು. 1877ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಆದರೆ ನಿಘಂಟಿಗೆ ಬೇಕಾದ ಪದಗಳು ಕನ್ನಡ ನಾಡಿನಲ್ಲಿಯೇ ದೊರೆಯಬೇಕಾಗಿತ್ತು. 1883ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಅವರು ಮತ್ತೆ ಭಾರತಕ್ಕೆ ಹೊರಟರು. ತಾಳೆಗರಿಯ ಗ್ರಂಥಗಳನ್ನೂ ಪಂಡಿತರನ್ನೂ ಮಾತ್ರವಲ್ಲದೆ ಜನರ ಬಾಯಿಯ ನುಡಿಗಳನ್ನೂ ಗಾದೆಗಳನ್ನೂ ಆಶ್ರಯಿಸಿದರು. ಉಪದೇಶ ಹೇಳಲು ಬಂದವರು ದಶಕಗಳ ಕಾಲ ಕೇಳುತ್ತ ಕುಳಿತರು.

1894ರಲ್ಲಿ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು 70,000 ಪದಗಳಿವೆ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ವೃದ್ಧಾಪ್ಯದಲ್ಲಿಯೂ ಲೇಖನಿಯನ್ನು ಕೆಳಗಿಡದೆ 1903ರಲ್ಲಿ ಕನ್ನಡ ವ್ಯಾಕರಣವನ್ನು ಹೊರತಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ದೈವಾಧೀನರಾದರು.

ಅವರ ಹೆಸರಿನ ಕಾಲೇಜು ಧಾರವಾಡದಲ್ಲಿದೆ, ಪ್ರತಿಮೆ ಬೆಂಗಳೂರಿನಲ್ಲಿದೆ. ಆದರೆ ನಿಜವಾದ ಸ್ಮಾರಕ ನಿಘಂಟಿನ ಪುಟಗಳೇ. ವಿಧೇಯತೆ ಎಂದರೆ ಅಂಜಿ ಬಾಗುವುದಲ್ಲ, ವಿವೇಕವನ್ನು ಮಾರಿಕೊಳ್ಳುವುದೂ ಅಲ್ಲ. ಮನ್ನಣೆ ಇರಲಿ, ಇಲ್ಲದಿರಲಿ, ಕೈಗೊಂಡ ಕಾರ್ಯವನ್ನು ನಂಬಿಕೆಯಿಂದ ಕೊನೆಮುಟ್ಟಿಸುವುದೇ ವಿಧೇಯತೆ ಎಂಬುದಕ್ಕೆ ಕಿಟ್ಟೆಲ್ ಅವರ ಜೀವನ ಉಜ್ವಲ ನಿದರ್ಶನವಾಗಿದೆ.