ಜೋಸೆಫ್ ವಿಟ್‌ವರ್ತ್

ಒಂದು ಅಂಗಡಿಯಲ್ಲಿ ಬೋಲ್ಟನ್ನೂ ಮತ್ತೊಂದರಲ್ಲಿ ನಟ್ಟನ್ನೂ ಕೊಂಡರೂ, ಅಳತೆ ಒಂದೇ ಆಗಿದ್ದರೆ ಅವೆರಡೂ ಕೂಡಿಕೊಳ್ಳುತ್ತವೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಜನರಿಗೆ ಈ ಸೌಕರ್ಯವಿರಲಿಲ್ಲ. ಪ್ರತಿಯೊಂದು ಕಾರ್ಖಾನೆಯೂ ತನಗೆ ತೋಚಿದಂತೆ ತಿರುಪಿನ ಎಳೆಗಳನ್ನು ಕೊರೆಯುತ್ತಿತ್ತು. ಒಂದು ಬೋಲ್ಟು ಮುರಿದರೆ ಯಂತ್ರವೇ ನಿಲ್ಲುತ್ತಿತ್ತು. ಬದಲಿ ಬೋಲ್ಟಿಗಾಗಿ ಆ ಯಂತ್ರವನ್ನು ಮಾಡಿದವರನ್ನೇ ಹುಡುಕಿಕೊಂಡು ಹೋಗಬೇಕಾಗುತ್ತಿತ್ತು.

ಈ ಗೊಂದಲವನ್ನು ನೀಗಿಸಿದ ಜೋಸೆಫ್ ವಿಟ್‌ವರ್ತನು 1803ರಲ್ಲಿ ಸ್ಟಾಕ್‌ಪೋರ್ಟಿನಲ್ಲಿ ಜನಿಸಿದನು. ಬಂಧುವಿನ ಹತ್ತಿಗಿರಣಿಯಲ್ಲಿ ನೆಮ್ಮದಿಯ ಬಾಳು ಕಾದಿದ್ದರೂ ಅದನ್ನು ತೊರೆದು, ಲಂಡನ್ನಿನಲ್ಲಿ ಹೆನ್ರಿ ಮಾಡ್‌ಸ್ಲೆಯ ಕಾರ್ಯಾಗಾರವನ್ನು ಸೇರಿ ಕೈಕೆಲಸದಲ್ಲಿ ನುರಿತನು. 1833ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದನು.

ಹಲವು ಕಾರ್ಖಾನೆಗಳ ತಿರುಪುಗಳನ್ನು ತರಿಸಿ, ಅಳೆದು, ಅವುಗಳ ಸರಾಸರಿಯನ್ನು ತೆಗೆದು 1841ರಲ್ಲಿ ಒಂದು ಸಮಾನ ಪದ್ಧತಿಯನ್ನು ಎಂಜಿನಿಯರುಗಳ ಮುಂದಿರಿಸಿದನು. ಎಳೆಗಳ ಕೋನ 55 ಡಿಗ್ರಿ. ಅರ್ಧ ಅಂಗುಲದ ಬೋಲ್ಟಿಗೆ ಅಂಗುಲಕ್ಕೆ 12 ಎಳೆ, ಒಂದು ಅಂಗುಲದ ಬೋಲ್ಟಿಗೆ 8. ಯಾರೊಬ್ಬರ ಅಳತೆಯನ್ನೂ ಇತರರ ಮೇಲೆ ಹೇರದೆ ಎಲ್ಲರ ಅಳತೆಗಳ ನಡುವಣ ದಾರಿಯನ್ನು ಹಿಡಿದುದು ಜಾಣತನವೇ ಸರಿ.

ಆಗಿನ ಯಂತ್ರನಕ್ಷೆಗಳಲ್ಲಿ ಅಳತೆಗಳನ್ನು ಅಂಗುಲದ ಎಂಟನೆಯ, ಹದಿನಾರನೆಯ, ಮೂವತ್ತೆರಡನೆಯ ಭಾಗಗಳಲ್ಲಿ ಬರೆಯುತ್ತಿದ್ದರು. ಅದಕ್ಕೂ ಸೂಕ್ಷ್ಮವಾದುದು ಬೇಕಾದಾಗ ಕೆಲಸಗಾರರು ಹದಿನಾರನೆಯ ಭಾಗಕ್ಕೆ ತುಸು ಹೆಚ್ಚು, ತುಸು ಕಡಿಮೆ ಎಂದು ಬಾಯಿಮಾತಿನಲ್ಲೇ ತೂಗಿಸುತ್ತಿದ್ದರು. ಆ ತುಸು ಒಬ್ಬೊಬ್ಬನ ಕೈಯಲ್ಲಿ ಒಂದೊಂದು ಬಗೆ! ಅಂಗುಲವನ್ನು ಸಾವಿರ ಭಾಗ ಮಾಡಿ ದಶಮಾಂಶದಲ್ಲಿ ಬರೆಯಬೇಕೆಂದು ವಿಟ್‌ವರ್ತನು 1857ರಲ್ಲಿ ವಾದಿಸಿದನು. ಅವನು ರಚಿಸಿದ ಅಳತೆಯಂತ್ರವಂತೂ ಅಂಗುಲದ ಹತ್ತು ಲಕ್ಷದಲ್ಲೊಂದು ಪಾಲನ್ನು ತೋರಬಲ್ಲುದಾಗಿತ್ತು. ಅದರಲ್ಲಿ ಒಂದು ತೆಳು ಉಕ್ಕಿನ ತುಣುಕು ಸ್ಪರ್ಶದ ಬಿಗಿಯಿಂದಲೇ ನಿಂತಿರುತ್ತಿತ್ತು. ಅಂತರ ಅಷ್ಟು ಹೆಚ್ಚಿದರೂ ಸಾಕು, ತುಣುಕು ಜಾರಿ ಬೀಳುತ್ತಿತ್ತು. ಅಳತೆಯಲ್ಲಿ ಕಣ್ಣಿಗಿಂತ ಸ್ಪರ್ಶವನ್ನೇ ಅವನು ಹೆಚ್ಚಾಗಿ ನಂಬಿದ್ದನು.

ಸ್ವಭಾವದಲ್ಲಿ ಅವನು ಹಟಮಾರಿ. ಗುರಿ ತಪ್ಪದ ಬಂದೂಕವೊಂದನ್ನು ನಿರ್ಮಿಸಿದನಾದರೂ ಬ್ರಿಟಿಷ್ ಸೇನೆ ಅದನ್ನು ಸ್ವೀಕರಿಸಲಿಲ್ಲ. 1868ರಲ್ಲಿ ಯಂತ್ರವಿದ್ಯೆಯನ್ನು ಕಲಿಯುವ ತರುಣರಿಗಾಗಿ ವರ್ಷಕ್ಕೆ 100 ಪೌಂಡುಗಳ 30 ವಿದ್ಯಾರ್ಥಿವೇತನಗಳನ್ನು ಏರ್ಪಡಿಸಿದನು. 1887ರಲ್ಲಿ ಮಾಂಟೆ ಕಾರ್ಲೋದಲ್ಲಿ ಮರಣಹೊಂದಿದನು.

ಅವನ ತಿರುಪಿನ ಎಳೆಗಳ ತುದಿ ದುಂಡಾಗಿದ್ದುದರಿಂದ ಕೊರೆಯುವುದು ಕಷ್ಟವಾಗಿತ್ತು. ಅಮೆರಿಕದ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿಯ, ಚಪ್ಪಟೆ ತುದಿಯ ಎಳೆಯನ್ನು ಸೂಚಿಸಿದನು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳಾದ ಬ್ರಿಟನ್, ಅಮೆರಿಕಗಳ ಬೋಲ್ಟುಗಳು ಒಂದಕ್ಕೊಂದು ಹೊಂದದೆ ತೊಡಕಾಯಿತು. ಕೊನೆಗೆ 1948ರಲ್ಲಿ ಆ ಎರಡು ದೇಶಗಳೂ ಕೆನಡವೂ 60 ಡಿಗ್ರಿಯ ಎಳೆಯನ್ನು ಒಪ್ಪಿಕೊಂಡವು.