ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರೂ ಶಿವಯೋಗಮಂದಿರದ ಜೋಳಿಗೆಯೂ

ಮಠದಲ್ಲಿ ಉತ್ಸವವು ಒದಗಿದಾಗ ಭಕ್ತರ ಮನೆಗಳಿಂದ ಕಾಣಿಕೆ ಹೊರಡುವುದು ನಮ್ಮ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆಯಾಗಿದೆ. ಚನ್ನಗಿರಿಯ ತೋಟಗಳಿಂದ ಅಡಕೆ, ಹೊನ್ನಾಳಿ ನ್ಯಾಮತಿಗಳ ಗದ್ದೆಹೊಲಗಳಿಂದ ಭತ್ತ ಜೋಳ, ಮಳೆಯೊಂದನ್ನೇ ನಂಬಿರುವ ಜಗಳೂರಿನ ಒಣಭೂಮಿಯಿಂದಲೂ ಶಕ್ತ್ಯನುಸಾರ ನಾಲ್ಕು ಸೇರು ಧಾನ್ಯ, ಹೀಗೆ ಇದ್ದವರೂ ಇಲ್ಲದವರೂ ತಮ್ಮ ಪಾಲನ್ನು ಸಲ್ಲಿಸುತ್ತ ಬಂದಿರುವರು. ಆದರೆ ಪೂರ್ವಕಾಲದಲ್ಲಿ ಈ ಕಾಣಿಕೆಯ ವಿನಿಯೋಗವು ದಾಸೋಹಕ್ಕೂ ರಥೋತ್ಸವಕ್ಕೂ ಮಠದ ಜೀರ್ಣೋದ್ಧಾರಕ್ಕೂ ಮುಗಿದುಹೋಗುತ್ತಿದ್ದಿತು. ಅದರಲ್ಲಿ ಒಂದು ಭಾಗವು ಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲತಕ್ಕದ್ದು, ಆ ಮಕ್ಕಳು ಮುಂದೆ ಸಮಾಜವನ್ನು ನಡೆಸತಕ್ಕವರಾಗಬೇಕು ಎಂಬ ಭಾವನೆಯು ಜನಸಾಮಾನ್ಯರಲ್ಲಿ ಬೇರೂರಿದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಆ ಭಾವನೆಯನ್ನು ಊರೂರಿಗೆ ಹೊತ್ತು ತಿರುಗಿದ ಮಹಾಪುರುಷರಲ್ಲಿ ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರು ಅಗ್ರಗಣ್ಯರು. ಅವರ ಚರಿತ್ರೆಯನ್ನು ಈ ಸಂಪುಟದ ವಾಚಕರ ಮುಂದೆ ಸಂಕ್ಷೇಪವಾಗಿ ಇಡುವುದೇ ಈ ಲೇಖನದ ಉದ್ದೇಶವು.

ಶ್ರೀಗಳವರ ಜನ್ಮಭೂಮಿಯು ನಮಗೆ ದೂರದ್ದಲ್ಲ. ಹೊನ್ನಾಳಿಯ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯನ್ನು ದಾಟಿ ಮುಂದೆ ಸಾಗಿದರೆ ರಾಣೇಬೆನ್ನೂರು ಸೀಮೆ. ಆ ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ನೆಯ ಇಸವಿ ಸಪ್ಟೆಂಬರ್ 11ರಂದು ಬಡ ಜಂಗಮ ಕುಟುಂಬವೊಂದರಲ್ಲಿ ಅವರ ಜನನವಾಯಿತು. ತಂದೆ ಬಸಯ್ಯನವರು, ತಾಯಿ ನೀಲಮ್ಮನವರು. ಮಗನಿಗಿಟ್ಟ ಹೆಸರು ಹಾಲಯ್ಯ. ಆ ಕಾಲದಲ್ಲಿ ನದಿಯ ಈಚೆಯ ದಡವು ಮೈಸೂರು ಸಂಸ್ಥಾನಕ್ಕೂ ಆಚೆಯ ದಡವು ಮುಂಬಯಿ ಆಧಿಪತ್ಯಕ್ಕೂ ಸೇರಿದ್ದರೂ ಭಕ್ತರಿಗೆ ಎರಡು ದಡಗಳೂ ಒಂದೇ ಆಗಿದ್ದುವು. ಬೀಗತನ, ಜಾತ್ರೆ, ಗುರುದರ್ಶನ ಇವು ಸರಕಾರದ ಗಡಿಯನ್ನು ಲೆಕ್ಕಿಸಿದವುಗಳಲ್ಲ.

ಮನೆಯ ಬಡತನದ ದೆಸೆಯಿಂದ ಹುಡುಗ ಹಾಲಯ್ಯನು ಭಿಕ್ಷಾನ್ನದ ಮೇಲೆಯೇ ವಿದ್ಯೆಯನ್ನು ಕಲಿಯಬೇಕಾಯಿತು. ಅಂದಿನ ಮುಲ್ಕಿ ಪರೀಕ್ಷೆಗೆ ಕುಳಿತರೂ ಅದರಲ್ಲಿ ತೇರ್ಗಡೆಯಾಗಲಿಲ್ಲ. ಮುಲ್ಕಿ ತೇರ್ಗಡೆಯೆಂದರೆ ಅಂದು ಸರಕಾರಿ ಕೆಲಸಕ್ಕೆ ಬಾಗಿಲು ತೆರೆದಂತೆ. ಆ ಬಾಗಿಲು ಮುಚ್ಚಿದ ಮೇಲೆ ತರುಣನು ಲಿಂಗದಹಳ್ಳಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಕಾರ್ಯವನ್ನು ಕೈಕೊಂಡನು. ಮುಂದೆ ನೂರಾರು ವಟುಗಳ ವಿದ್ಯೆಗೆ ಆಶ್ರಯವಾದ ಮಹನೀಯರು ಸ್ವತಃ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರೆಂಬ ಸಂಗತಿಯನ್ನು ಚರಿತ್ರೆ ಬರೆಯುವವರು ಕೆಲವರು ಸಂಕೋಚದಿಂದ ಹೇಳುವುದುಂಟು. ಅದರಲ್ಲಿ ಸಂಕೋಚಕ್ಕೆ ಕಾರಣವೇನೂ ಕಾಣದು. ಬಡ ವಿದ್ಯಾರ್ಥಿಯ ಹಸಿವೂ ಅವನ ಸೋಲೂ ಎಂತಹವೆಂದು ತಿಳಿದವರೇ ಅವನಿಗಾಗಿ ಬೇಡಲು ಹೊರಟರೆಂಬುದೇ ಇಲ್ಲಿ ಮುಖ್ಯವಾದುದು.

ವೈರಾಗ್ಯವು ಬಲಿತಂತೆ ಹಾಲಯ್ಯನವರು ಮನೆಯನ್ನು ತೊರೆದು ಹುಬ್ಬಳ್ಳಿಗೆ ಬಂದು, ಶ್ರೀ ಸಿದ್ಧಾರೂಢರ ಸನ್ನಿಧಿಯಲ್ಲಿ ಕೆಲಕಾಲ ಶಾಸ್ತ್ರಶ್ರವಣ ಮಾಡಿದರು. ಆದರೆ ಇಷ್ಟಲಿಂಗನಿಷ್ಠೆಯ ವಿಷಯದಲ್ಲಿ ಅವರ ಮನಸ್ಸಿಗೆ ಅಲ್ಲಿ ಸಮಾಧಾನ ದೊರೆಯಲಿಲ್ಲ. ತರುವಾಯ ಎಳಂದೂರಿನ ಶ್ರೀ ಬಸವಲಿಂಗಸ್ವಾಮಿಗಳವರ ದರ್ಶನವಾಗಿ ಅವರನ್ನೇ ಗುರುಗಳನ್ನಾಗಿ ಆಶ್ರಯಿಸಿದರು. ನಿಜಗುಣ ಶಿವಯೋಗಿಗಳು ತಪಸ್ಸು ಮಾಡಿದ ಶಂಭುಲಿಂಗನ ಬೆಟ್ಟದ ಪ್ರಾಂತದಲ್ಲಿ ಗುರುಶಿಷ್ಯರು ಅನುಷ್ಠಾನದಲ್ಲಿದ್ದರು. ಏಕಾಂತದಲ್ಲಿಯೇ ಆಯುಷ್ಯವನ್ನು ಕಳೆಯಬೇಕೆಂದಿದ್ದ ಶಿಷ್ಯರಿಗೆ ಗುರುಗಳು ಕೊಟ್ಟ ಅಪ್ಪಣೆಯು ಬೇರೆಯಾಗಿದ್ದಿತು. ಸಮಾಜದ ಸೇವೆಗೆ ತಿರುಗಬೇಕೆಂಬುದೇ ಆ ಅಪ್ಪಣೆ. ಅನಂತರ ಹಾನಗಲ್ಲ ವಿರಕ್ತಮಠದ ಅಧಿಕಾರವು ಅವರಿಗೆ ಬಂದು, ಹಾಲಯ್ಯನವರು ಕುಮಾರ ಸ್ವಾಮಿಗಳೆಂದು ಪ್ರಸಿದ್ಧರಾದರು.

ಅದು ಎಂತಹ ಕಾಲವೆಂಬುದನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. 1896 ರಿಂದ 1900 ರ ವರೆಗಿನ ಐದು ವರ್ಷಗಳಲ್ಲಿ ಎರಡು ಘೋರ ಕ್ಷಾಮಗಳು ದಕ್ಷಿಣ ಹಿಂದೂಸ್ಥಾನವನ್ನು ಪೀಡಿಸಿದುವು. ಅವುಗಳ ನಡುವೆ ಪ್ಲೇಗು ಹುಬ್ಬಳ್ಳಿ ಧಾರವಾಡಗಳನ್ನು ಹೊಕ್ಕಿತು. ಊರು ಬಿಟ್ಟು ಹೊಲದ ಗುಡಿಸಲುಗಳಲ್ಲಿ ವಾಸಿಸುತ್ತಿದ್ದ ಜನರ ಬಳಿಗೆ ಹೋಗಿ ವಿದ್ಯೆಗೆ ಹಣ ಕೊಡಿರೆಂದು ಕೇಳುವುದು ಸುಲಭದ ಮಾತಲ್ಲ. ಮಠಗಳ ಸ್ಥಿತಿಯೂ ಆಶಾದಾಯಕವಾಗಿರಲಿಲ್ಲ. ಇನಾಮು ಭೂಮಿಗಳಿದ್ದ ಮಠಗಳು ಬಹಳ. ಆದರೆ ಅವುಗಳ ಉತ್ಪನ್ನವು ಆಯಾ ಮಠದ ಗೋಡೆಯನ್ನು ದಾಟುತ್ತಿರಲಿಲ್ಲ. ಮುಂದಿನ ಅಧಿಕಾರಿಯೆಂದು ಚಿಕ್ಕಂದಿನಲ್ಲಿಯೇ ಆರಿಸಿದ ಮರಿಗಳಿಗೆ ಪಾದಪೂಜೆಯ ಮರ್ಯಾದೆ ದೊರೆಯುತ್ತಿದ್ದಿತೇ ಹೊರತು ಕ್ರಮವಾದ ವಿದ್ಯೆ ದೊರೆಯುತ್ತಿರಲಿಲ್ಲ. ಭಕ್ತರು ಅಡ್ಡಬೀಳುವುದನ್ನು ಮಾತ್ರ ನೋಡಿ ಬೆಳೆದ ಹುಡುಗನಿಗೆ ಭಕ್ತರ ಕಷ್ಟವು ತಿಳಿಯುವ ಬಗೆ ಹೇಗೆ?

ವಿದ್ಯೆಗಾಗಿ ನಿಧಿ ಕೂಡಿಸುವ ಯತ್ನವು ಇದಕ್ಕೆ ಮುಂಚೆಯೇ ಆರಂಭವಾಗಿದ್ದಿತೆಂಬುದನ್ನು ನ್ಯಾಯವಾಗಿ ಹೇಳಬೇಕು. ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದ ಮಹನೀಯರ ಪರಿಶ್ರಮದಿಂದ 1883 ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಹುಟ್ಟಿ ಬಡ ವಿದ್ಯಾರ್ಥಿಗಳಿಗೆ ನೆರವು ಕೊಡತೊಡಗಿದ್ದಿತು. ಆದರೆ ಅದು ಇಂಗ್ಲಿಷ್ ವಿದ್ಯೆಯನ್ನರಿತ ಅಧಿಕಾರಿಗಳ, ಪಟ್ಟಣದ ಗೃಹಸ್ಥರ ಉದ್ಯಮವಾಗಿದ್ದಿತು. ಹಳ್ಳಿಯ ಒಕ್ಕಲಿಗನಿಗೂ ಪೇಟೆಯ ವರ್ತಕನಿಗೂ ಮಠದ ಸ್ವಾಮಿಗೂ ಒಂದೇ ವೇದಿಕೆಯು ದೊರೆತುದು 1904 ರಲ್ಲಿ, ಧಾರವಾಡದಲ್ಲಿ ಕೂಡಿದ ಅಖಿಲ ಭಾರತ ವೀರಶೈವ ಮಹಾಸಭೆಯ ಪ್ರಥಮಾಧಿವೇಶನದಲ್ಲಿ. ಈ ಮಹಾಸಭೆಯ ಪ್ರೇರಕರು ಕುಮಾರ ಸ್ವಾಮಿಗಳವರು. ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಶಿರಸಂಗಿಯ ಲಿಂಗರಾಜ ದೇಸಾಯರು. ದೇಸಾಯರು 1906 ರಲ್ಲಿ ತಮ್ಮ 45ನೆಯ ವಯಸ್ಸಿನಲ್ಲಿ ತೀರಿಕೊಳ್ಳುವಾಗ ಸಂಸ್ಥಾನದ ಆಸ್ತಿಯನ್ನೆಲ್ಲ ಸಮಾಜದ ವಿದ್ಯಾಭಿವೃದ್ಧಿಗೆಂದು ಮೃತ್ಯುಪತ್ರದ ಮೂಲಕ ಮೀಸಲಿಟ್ಟಿದ್ದರು. ಆ ಆಸ್ತಿಯು ನ್ಯಾಯಸ್ಥಾನದ ವ್ಯಾಜ್ಯಗಳನ್ನು ದಾಟಿ ವಿದ್ಯಾರ್ಥಿಗಳಿಗೆ ಮುಟ್ಟುವುದಕ್ಕೆ ಬಹಳ ವರ್ಷಗಳು ಹಿಡಿದುವು. ಒಬ್ಬರು ಇದ್ದುದನ್ನೆಲ್ಲ ಕೊಟ್ಟವರು, ಇನ್ನೊಬ್ಬರು ಏನೂ ಇಲ್ಲದೆ ಬೇಡಿದವರು. ಇಬ್ಬರೂ ಒಂದೇ ಸಭಾಮಂಟಪದಲ್ಲಿ ಕುಳಿತ ಆ ದಿನವು ಕರ್ನಾಟಕದ ವಿದ್ಯಾಚರಿತ್ರೆಯಲ್ಲಿ ದೊಡ್ಡ ದಿನವೆಂದೇ ನಮ್ಮ ಅಭಿಪ್ರಾಯ.

ಸಭೆಗಳಲ್ಲಿ ನಿರ್ಣಯಗಳಾದುವು, ಉಪನ್ಯಾಸಗಳಾದುವು. ಆದರೆ ನಿರ್ಣಯವನ್ನು ಊರಿಗೆ ಒಯ್ದು ನಡೆಸತಕ್ಕ ಜನರೆಲ್ಲಿ ಎಂಬ ಪ್ರಶ್ನೆಯು ಶ್ರೀಗಳವರನ್ನು ಬಾಧಿಸುತ್ತಿದ್ದಿತು. ಹಳ್ಳಿಗೊಂದು ಮಠವಿದೆ, ಮಠಕ್ಕೊಬ್ಬ ವಿದ್ಯಾವಂತ, ಸದಾಚಾರಿ, ನಿಃಸ್ವಾರ್ಥಿ ಸ್ವಾಮಿಯು ದೊರೆತರೆ ಶಾಲೆ, ಔಷಧ, ವ್ಯಾಜ್ಯ ಪರಿಹಾರ ಇವೆಲ್ಲವೂ ತಾವಾಗಿಯೇ ನಡೆದಾವು ಎಂಬುದು ಅವರ ಎಣಿಕೆಯಾಗಿದ್ದಿತು. ಇಳಕಲ್ಲಿನ ಶ್ರೀ ವಿಜಯ ಮಹಾಂತ ಶಿವಯೋಗಿಗಳವರೇ ಮೊದಲಾದವರ ಸಹಾನುಭೂತಿಯಿಂದ 1909ನೆಯ ಇಸವಿಯಲ್ಲಿ ಬಾದಾಮಿ ತಾಲ್ಲೂಕಿನಲ್ಲಿ, ಮಹಾಕೂಟಕ್ಕೆ ಸಮೀಪವಾಗಿ ಮಲಪ್ರಭೆಯ ದಡದಲ್ಲಿ, ಶಿವಯೋಗಮಂದಿರವು ಸ್ಥಾಪಿತವಾಯಿತು. ಈ ಸಂಸ್ಥೆಯನ್ನು ಶ್ರೀಗಳವರು ಹಾನಗಲ್ಲ ಮಠದ ಶಾಖೆಯನ್ನಾಗಿ ಮಾಡಿಕೊಳ್ಳಲಿಲ್ಲವೆಂಬುದು ಸ್ಮರಣೀಯವಾದುದು. ಅದು ಸಮಾಜದ ಸೊತ್ತು. ಅದರ ಅನ್ನವೂ ಸಮಾಜದಿಂದಲೇ ಬರತಕ್ಕುದಾಗಿದ್ದಿತು.

ಇಲ್ಲಿಂದಲೇ ಜೋಳಿಗೆಯ ಕಥೆಯು ಮೊದಲಾಗುತ್ತದೆ. ಜೋಳಿಗೆಯೆಂಬುದು ಜಂಗಮನಿಗೆ ಹೊಸದಲ್ಲ. ಕಂತೆಭಿಕ್ಷೆಯು ಪರಂಪರೆಯಿಂದ ಬಂದುದೇ. ಆದರೆ ತನ್ನ ಒಂದು ಹೊತ್ತಿನ ಪ್ರಸಾದಕ್ಕೆ ಬೇಡುವುದು ಬೇರೆ, ಊರಿಂದೂರಿಗೆ ಬಂದು ಸೇರಿದ ಮಕ್ಕಳ ವರ್ಷಾವಧಿಯ ಅನ್ನ ವಸ್ತ್ರ ಪುಸ್ತಕಗಳಿಗೆ ಬೇಡುವುದು ಬೇರೆ. ಒಂದು ಜೋಳಿಗೆಯು ಸಂಜೆಗೆ ಬರಿದಾದರೂ ಚಿಂತೆಯಿಲ್ಲ; ಇನ್ನೊಂದು ಬರಿದಾದರೆ ಪಾಠವೇ ನಿಲ್ಲುವುದು. ಆದುದರಿಂದ ಶ್ರೀಗಳವರ ಸಂಚಾರವು ಕೊನೆಯವರೆಗೂ ನಿಲ್ಲಲಿಲ್ಲ. ಹೋದಲ್ಲಿ ಪೂಜೆ, ಪ್ರವಚನ. ಪ್ರವಚನದ ತರುವಾಯ ಮಂದಿರದ ಮಕ್ಕಳ ಮಾತು. ಕೊಡುವವರು ಯಾರೇ ಇರಲಿ, ಏನನ್ನೇ ಕೊಡಲಿ, ಸ್ವೀಕಾರವುಂಟು. ಶ್ರೀಮಂತರು ಹಣ ಭೂಮಿಗಳನ್ನು ಕೊಟ್ಟರು, ಒಕ್ಕಲಿಗರು ಸುಗ್ಗಿಯಲ್ಲಿ ರಾಶಿಯಿಂದ ಜೋಳವನ್ನು ಅಳೆದರು, ಆಕಳನ್ನು ಕೊಟ್ಟವರಿದ್ದರು. ಹಳೆಯ ತಾಳೆಗರಿಯ ಕಟ್ಟುಗಳನ್ನು ಅಟ್ಟದಿಂದ ಇಳಿಸಿ ಕೊಟ್ಟವರೂ ಇದ್ದರು. ಇಂತಹ ಗ್ರಂಥಗಳಿಂದಲೇ ಮಂದಿರದ ಪುಸ್ತಕಭಂಡಾರವು ಬೆಳೆಯಿತು. ಗರಿಗಳಿಗೆ ಹುಳು ಹಿಡಿಯುವುದಕ್ಕೆ ಮುಂಚೆ ಅವನ್ನು ಕಾಣಿಕೆಯೆಂದು ಬೇಡಿದ ದೂರದೃಷ್ಟಿಯು ಮೆಚ್ಚತಕ್ಕುದು.

ಗೋಶಾಲೆಯ ವಿಚಾರವನ್ನಂತೂ ವಿಶೇಷವಾಗಿ ಹೇಳಬೇಕು. ಭಕ್ತರು ಕೊಟ್ಟ ಆಕಳುಗಳಿಂದ ವಟುಗಳಿಗೆ ಹಾಲು ದೊರೆಯಿತಷ್ಟೆಯಲ್ಲ, ಆಕಳ ಸಗಣಿಯಿಂದ ಶಾಸ್ತ್ರೋಕ್ತವಾಗಿ ವಿಭೂತಿಯನ್ನು ಸಿದ್ಧಪಡಿಸುವ ಕಾರ್ಯವೂ ಅಲ್ಲಿ ನೆಲೆಗೊಂಡಿತು. ಶಿವಯೋಗಮಂದಿರದ ವಿಭೂತಿಯು ನಾಡಿನ ಮನೆಮನೆಯ ಪೂಜೆಗೆ ತಲುಪುವಂತಾಯಿತು. ವಿಭೂತಿಯ ಗಟ್ಟಿಯನ್ನು ಕೈಗೆತ್ತಿಕೊಂಡ ಗೃಹಿಣಿಗೆ ಮಂದಿರದ ನೆನಪು. ಆ ನೆನಪಿನಿಂದಲೇ ಮುಂದಿನ ವರ್ಷದ ಕಾಣಿಕೆ. ಭಕ್ತನು ಕೊಟ್ಟುದು ಇನ್ನೊಂದು ರೂಪದಿಂದ ಅವನ ಮನೆಗೇ ಮರಳಿತು. ಈಚಿನ ವಿದ್ಯಾಸಂಸ್ಥೆಗಳವರು ವರ್ಷವರ್ಷವೂ ಪತ್ರಿಕೆಗಳನ್ನು ಅಚ್ಚು ಹಾಕಿಸಿ ಧನಸಹಾಯವನ್ನು ಕೋರುವಾಗ ಈ ಏರ್ಪಾಡನ್ನು ಮನಸ್ಸಿಗೆ ತಂದುಕೊಂಡರೆ ಕೆಟ್ಟದಲ್ಲ.

ಇನ್ನು ವಟುಗಳ ದಿನಚರಿ. ಬೆಳಗಿನ ಜಾವಕ್ಕೆ ಏಳಬೇಕು. ಮಲಪ್ರಭೆಯಲ್ಲಿ ಸ್ನಾನ, ಇಷ್ಟಲಿಂಗಪೂಜೆ, ಯೋಗಾಭ್ಯಾಸ. ತರುವಾಯ ಸಂಸ್ಕೃತ, ಕನ್ನಡ, ಶಿವಶರಣರ ವಚನಗಳು, ವೈದ್ಯ, ಸಂಗೀತ. ಪಂಡಿತನಾಗಿ ಮೂಲೆಯಲ್ಲಿ ಕುಳಿತರೆ ಸಾಲದು. ಸಭೆಯಲ್ಲಿ ನಿಂತು ಜನರಿಗೆ ತಿಳಿಯುವಂತೆ ಮಾತಾಡಲೂ ಕಲಿಯಬೇಕು. ಮನೆಯಲ್ಲಿ ಮರಿದೇವರೆಂದು ಪೂಜೆಗೊಳ್ಳುತ್ತಿದ್ದ ಬಾಲಕನು ಇಲ್ಲಿ ಎಲ್ಲರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ಯಾವ ರೈತನ ಜೋಳದ ರೊಟ್ಟಿಯನ್ನು ತಿಂದು ತಾನು ಓದುತ್ತಿರುವನೋ ಆ ರೈತನ ಮುಂದೆ ನಾಳೆ ಗುರುವಾಗಿ ನಿಲ್ಲಬೇಕೆಂಬ ಅರಿವು ಆ ವಟುವಿಗೆ ತಾನಾಗಿಯೇ ಬರುತ್ತಿದ್ದಿತು. ನಾಯಕತ್ವವನ್ನು ಕಲಿಸಲು ಶ್ರೀಗಳವರು ಬೇರೊಂದು ಪಾಠವನ್ನು ಇಟ್ಟಂತೆ ತೋರುವುದಿಲ್ಲ. ಬೇಡಿ ತಂದ ಅನ್ನವೇ ಆ ಪಾಠವಾಗಿದ್ದಿತು.

ಒಂದು ಮಾತನ್ನು ಇಲ್ಲಿ ಮುಚ್ಚಿಡಲಾಗದು. ಈ ಶಿಕ್ಷಣವು ಮಠಾಧಿಕಾರಕ್ಕೆ ಹೊರಟ ಗಂಡುಮಕ್ಕಳಿಗೆ ಮೀಸಲಾಗಿದ್ದಿತು. ಜೋಳಿಗೆಗೆ ಹಿಟ್ಟು ಹಾಕಿದ ಕೈಗಳು ಹೆಚ್ಚಾಗಿ ತಾಯಂದಿರವಾಗಿದ್ದರೂ ಅವರ ಹೆಣ್ಣುಮಕ್ಕಳಿಗೆ ಅಲ್ಲಿ ಸ್ಥಳವಿರಲಿಲ್ಲ. ಗೃಹಸ್ಥರ ಮಕ್ಕಳ ಲೌಕಿಕ ವಿದ್ಯೆಗೆ ಬೇರೆಯವರೇ ದುಡಿಯಬೇಕಾಯಿತು. 1916 ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣರು ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆಯು 1933 ರಲ್ಲಿ ತೆರೆದ ಕಾಲೇಜಿಗೆ ಶಿರಸಂಗಿ ಲಿಂಗರಾಜರ ಹೆಸರೇ ಬಂದಿತು. ನಮ್ಮ ಕಡೆಯಲ್ಲಿ ಚಿತ್ರದುರ್ಗದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳವರು ಪಟ್ಟಣಗಳಲ್ಲಿ ಉಚಿತ ಪ್ರಸಾದನಿಲಯಗಳಿಗೆ ಧಾರಾಳವಾಗಿ ದ್ರವ್ಯವನ್ನು ಒದಗಿಸಿದರು. ಈ ಎಲ್ಲ ಪ್ರಯತ್ನಗಳೂ ಕೂಡಿಯೇ ಚಿತ್ರವು ಪೂರ್ಣವಾಗುವುದು.

ಶ್ರೀಗಳವರ ಶಿಷ್ಯವಾತ್ಸಲ್ಯಕ್ಕೆ ಒಂದು ನಿದರ್ಶನ ಸಾಕು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892 ರಲ್ಲಿ ಹುಟ್ಟಿದ ಗದಿಗೆಯ್ಯನೆಂಬ ಬಾಲಕನು ಹುಟ್ಟು ಕುರುಡ. ಅವನ ಅಣ್ಣನೂ ಹಾಗೆಯೇ. ಕುರುಡು ಮಕ್ಕಳೆಂದರೆ ಮನೆಗೆ ಭಾರವೆಂದು ಜನರು ತಿಳಿಯುತ್ತಿದ್ದ ಕಾಲದಲ್ಲಿ ಶ್ರೀಗಳವರು ಬಾಲಕನ ಕಂಠವನ್ನು ಕೇಳಿ, ಅವನ ಭಾರವನ್ನು ತಾವು ವಹಿಸಿಕೊಂಡರು. ಕರ್ನಾಟಕ ಸಂಗೀತವನ್ನು ಕಲಿಸಿದ್ದಲ್ಲದೆ, ಮೀರಜಿನ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಪದ್ಧತಿಯನ್ನು ಕಲಿಯುವ ಏರ್ಪಾಡನ್ನೂ ಮಾಡಿಸಿದರು. ಸಂಗೀತದ ಗುರುವಿಗೆ ಸಲ್ಲಿಸುವ ದ್ರವ್ಯವೂ ಜೋಳಿಗೆಯಿಂದಲೇ ಬರಬೇಕಲ್ಲವೆ! ಕ್ಷಾಮದ ನಾಡಿನಲ್ಲಿ ಕುರುಡ ಬಾಲಕನ ಸಂಗೀತಕ್ಕೆ ಸಮಾಜದ ಹಣವನ್ನು ವ್ಯಯಮಾಡುವ ಧೈರ್ಯವು ಎಲ್ಲರಿಗೂ ಬರತಕ್ಕುದಲ್ಲ. ಆ ಬಾಲಕನೇ ಗಾನಯೋಗಿ ಪಂಚಾಕ್ಷರ ಗವಾಯಿಗಳು. ಅವರು ಕುರುಡರಿಗೂ ಅನಾಥರಿಗೂ ವಿದ್ಯಾದಾನ ಮಾಡುವುದನ್ನೇ ವ್ರತವನ್ನಾಗಿ ಕೈಕೊಂಡು, ಶಿಷ್ಯರೊಡನೆ ಊರೂರು ಸಂಚರಿಸಿ, ತಾವೂ ಜನರ ಕಾಣಿಕೆಯಿಂದಲೇ ಗುರುಕುಲವನ್ನು ಸಲಹಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಅದರ ಫಲ. 1944 ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಕುರುಡ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010 ರವರೆಗೂ ಆಶ್ರಮವನ್ನು ನಡೆಸಿದರು.

1918 ರ ವಿಷಮಶೀತಜ್ವರದ ಹಾವಳಿಯೂ ಅದರ ಹಿಂದೆಮುಂದೆ ಬಂದ ಬರಗಳೂ ಭಕ್ತರ ಕೈಯನ್ನು ಕಟ್ಟಿಹಾಕಿದ ಸಂದರ್ಭಗಳು ಉಂಟು. ಮಂದಿರವು ಅವನ್ನೆಲ್ಲ ದಾಟಿ ಉಳಿಯಿತು. ಎಡೆಬಿಡದ ಸಂಚಾರದಿಂದ ಶ್ರೀಗಳವರ ದೇಹವು ಬಳಲಿದ್ದರೂ ಅವರು ಮಕ್ಕಳ ಚಿಂತೆಯನ್ನು ಬಿಡಲಿಲ್ಲ. 1930ನೆಯ ಇಸವಿಯಲ್ಲಿ ಅವರು ಲಿಂಗೈಕ್ಯರಾದರು. ಅವರ ತರುವಾಯ ಹಾನಗಲ್ಲ ಮಠದ ಅಧಿಕಾರವನ್ನೂ ಮಂದಿರದ ಹೊಣೆಯನ್ನೂ ಶಿಷ್ಯರಾದ ಶ್ರೀ ಸದಾಶಿವ ಸ್ವಾಮಿಗಳವರು ವಹಿಸಿಕೊಂಡರು. ಶ್ರೀಗಳವರ ಗದ್ದುಗೆಯು ಮಲಪ್ರಭೆಯ ದಡದಲ್ಲಿ, ವಟುಗಳ ಪಾಠಶಾಲೆಗೂ ಗೋಶಾಲೆಗೂ ಕೂಗಳತೆಯಲ್ಲಿಯೇ ಇರುವುದು.